ನನಗೆ ಬೇಕಾಗಿರುವುದು ಸಡಿಲ ಬೊಕೆ, ಬಿಡಿ ಹೂವಲ್ಲ! (ಏಪ್ರಿಲ್ ಮದುವೆ, ಮಂಗಳೂರು)

ಬಿಳಿಸೀರೆ

ಎಲ್ಲರಿಗೂ ನಮಸ್ಕಾರ. ಈಸ್ಟರ್ ಕಳೆದು ಎರಡನೇ ಶನಿವಾರ ನನ್ನ ಮದುವೆ. ಸಂಜೆ 4ಕ್ಕೆ ಚರ್ಚಿನಲ್ಲಿ ಪೂಜೆ, ಆಮೇಲೆ ಹಾಲ್‌ನಲ್ಲಿ ರಿಸೆಪ್ಷನ್. ಗೌನ್ ಬೇಡ ಅಂತ ಬಿಳಿ ರೇಷ್ಮೆ ಸೀರೆ ತೆಗೆದುಕೊಂಡಿದ್ದೇನೆ. ಉಳಿದಿದ್ದು ಬೊಕೆ.

ನಮ್ಮ ಕಡೆ ಎಲ್ಲರ ಕೈಯಲ್ಲೂ ಒಂದೇ ಬೊಕೆ. ಗುಲಾಬಿಗಳನ್ನು ಚೆಂಡಿನ ಹಾಗೆ ಬಿಗಿದು, ಸುತ್ತ ನೆಟ್ ಸುತ್ತಿ, ಹಿಡಿಗೆ ಸ್ಯಾಟಿನ್ ರಿಬ್ಬನ್. ಅದು ಕೆಟ್ಟದು ಅಂತ ಅಲ್ಲ, ನನಗೆ ಬೇಡ ಅಷ್ಟೇ. ಹಿತ್ತಲಿಗೆ ಹೋಗಿ ಈಗ ತಾನೇ ಕೊಯ್ದು ತಂದ ಹಾಗಿರಬೇಕು. ಕೆಲವು ಹೂವು ಮೇಲೆ, ಕೆಲವು ಕೆಳಗೆ, ಎಲೆ ಜಾಸ್ತಿ, ಒಂದೆರಡು ಬಳ್ಳಿ ಜೋತು ಬಿದ್ದಿರಬೇಕು.

ಹೋದ ವಾರ ಒಂದು ಹೂವಿನಂಗಡಿಗೆ ಹೋಗಿ "ಲೂಸ್ ಆಗಿರೋ ಬೊಕೆ ಬೇಕು" ಅಂದೆ. ಅವರು "ಲೂಸ್ ಹೂವು ಕೆಜಿ ಲೆಕ್ಕ ಮೇಡಂ. ಸೇವಂತಿಗೆ ಬೇಕಾ, ಚೆಂಡು ಹೂವು ಬೇಕಾ?" ಅಂದರು. ಇನ್ನೊಂದು ಅಂಗಡಿಯಲ್ಲಿ ಬಾಯಿ ಬಿಡದೆ ಫೋಟೋ ತೋರಿಸಿದೆ. ತುಂಬಾ ಹೊತ್ತು ನೋಡಿ "ಇದಿನ್ನೂ ಕಟ್ಟಿ ಮುಗಿದಿಲ್ಲ ಅಲ್ವಾ?" ಅಂದರು.

ಅಮ್ಮನದು ಬೇರೆ ರಾಗ. "ಹುಲ್ಲು ಹಿಡಿದುಕೊಂಡು ಅಲ್ತಾರಿಗೆ ಹೋಗುತ್ತೀಯಾ?" ಅಜ್ಜಿಗೆ ಮಾತ್ರ ಒಂದೇ ಷರತ್ತು: ಮಲ್ಲಿಗೆ ಇರಬೇಕು.

ಏಪ್ರಿಲ್‌ನ ಈ ಬೆವರಿನಲ್ಲಿ ಮಧ್ಯಾಹ್ನ 2ರಿಂದ ರಾತ್ರಿ 9ರ ತನಕ ಯಾವ ಹೂವು ತಡೆಯುತ್ತದೆ? ಅಂಗಡಿಯಲ್ಲಿ ಏನಂತ ಹೇಳಬೇಕು?

ಸುಮ್ನೆ ಓದೋನು

ಹಿತ್ತಲಿನಿಂದ ಕೊಯ್ದ ಹಾಗೆ ಬೇಕು ಅಂದರೆ ಹಿತ್ತಲಿಗೇ ಹೋಗಿ. ಅಂಗಡಿ ಯಾಕೆ? 😀

ಕಡ್ಡಿಹೂವು

ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ಬೊಕೆ ಕಟ್ಟುತ್ತಿದ್ದೇನೆ. ಮೊದಲು ಆ ಅಂಗಡಿಯವರ ಪರವಾಗಿ ಒಂದು ಮಾತು. ಅವರು ತಮಾಷೆ ಮಾಡಿದ್ದಲ್ಲ. ನಮ್ಮ ವ್ಯಾಪಾರದಲ್ಲಿ ಹೂವು ಎರಡೇ ಜಾತಿ. ಒಂದು ಬಿಡಿ ಹೂವು, ಅಂದರೆ ಲೂಸ್ ಫ್ಲವರ್. ಕಡ್ಡಿ ಇಲ್ಲದೆ ಕುತ್ತಿಗೆಗೇ ಕಿತ್ತದ್ದು. ಹಾರಕ್ಕೆ, ಪೂಜೆಗೆ, ಮುಡಿಯುವುದಕ್ಕೆ, ತೂಕದ ಲೆಕ್ಕ. ಇನ್ನೊಂದು ಕಟ್ ಫ್ಲವರ್. ಉದ್ದ ಕಡ್ಡಿ ಸಮೇತ, ಕಟ್ಟಿನ ಲೆಕ್ಕ. ಬೆಂಗಳೂರಲ್ಲಿ ಡಚ್ ಗುಲಾಬಿ 20ರ ಕಟ್ಟು, ಜರ್ಬೆರಾ 10ರ ಕಟ್ಟು. ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ನಿಂತರೆ ಗುಡ್ಡದ ಹಾಗೆ ಬಿದ್ದಿರುವುದೆಲ್ಲ ಬಿಡಿ ಹೂವು. ಕಣ್ಣಿಗೆ ಹಬ್ಬ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಒಂದೇ ಗಿಡದಲ್ಲೂ ಈ ಭೇದ ಉಂಟು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಟ್ಟ ಸುಗಂಧರಾಜದ ತಳಿಗಳನ್ನೇ ನೋಡಿ. ಒಂಟಿ ಸುತ್ತಿನ ಪ್ರಜ್ವಲ್ ಹೆಚ್ಚಾಗಿ ಹಾರಕ್ಕೆ ಹೋಗುತ್ತದೆ. ಜೋಡಿ ಸುತ್ತಿನ ಸುವಾಸಿನಿ ಕಡ್ಡಿ ಸಮೇತ ಬೊಕೆಗೆ ಬರುತ್ತದೆ.

ಹಾಗಾಗಿ "ಲೂಸ್" ಅನ್ನುವ ಪದವನ್ನೇ ಬಿಟ್ಟುಬಿಡಿ. ಹೀಗೆ ಹೇಳಿ: "ಕೈಯಲ್ಲೇ ಸುತ್ತಿ ಕಟ್ಟಿದ ಬೊಕೆ. ನೆಟ್ ಬೇಡ, ಪ್ಲಾಸ್ಟಿಕ್ ಬೇಡ, ಫೋಮ್ ಬೇಡ. ಕಡ್ಡಿ ಕಾಣಬೇಕು. ಹೂವು ಒಂದೇ ಮಟ್ಟದಲ್ಲಿ ಇರಬಾರದು." ಇಷ್ಟು ಹೇಳಿದರೆ ಕೆಲಸ ಗೊತ್ತಿರುವವನಿಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಆ ಅಂಗಡಿ ಬಿಡಿ.

ಈಗ ಕಟ್ಟುವ ಕ್ರಮ. ಎಡಗೈಯಲ್ಲಿ ಒಂದು ಗಟ್ಟಿ ಕಡ್ಡಿ ಹಿಡಿಯಬೇಕು. ಮುಂದಿನದನ್ನು ಓರೆಯಾಗಿ ಇಡಬೇಕು. ಮೂರನೆಯದೂ ಅದೇ ಕಡೆಗೆ ಓರೆ. ಪ್ರತಿ ಸಲ ಕಟ್ಟನ್ನು ಸ್ವಲ್ಪ ತಿರುಗಿಸುತ್ತಾ ಹೋಗಬೇಕು. ಯಾವ ಕಡ್ಡಿಯೂ ಎದುರು ದಿಕ್ಕಿಗೆ ಹೋಗಬಾರದು. ಮುಗಿದಾಗ ಕೆಳಗಿನ ಕಡ್ಡಿಗಳು ಬತ್ತದ ಸೂಡಿ ನಿಲ್ಲಿಸಿದ ಹಾಗೆ ಹರಡಿಕೊಳ್ಳುತ್ತವೆ. ಸರಿಯಾಗಿ ಕಟ್ಟಿದ ಬೊಕೆ ಮೇಜಿನ ಮೇಲೆ ತಾನಾಗಿ ನಿಲ್ಲುತ್ತದೆ. ನಾನು ಹುಡುಗರಿಗೆ ಕೊಡುವ ಪರೀಕ್ಷೆಯೇ ಅದು.

ಗಂಟು ಹೂವಿಗೆ ಹತ್ತಿರ ಬಿದ್ದರೆ ಬೊಕೆ ಗುಂಡಗೆ, ಬಿಗಿಯಾಗಿ ಕೂರುತ್ತದೆ. ಕೆಳಗೆ ಬಿದ್ದಷ್ಟೂ ಮೇಲೆ ಅರಳಿಕೊಳ್ಳುತ್ತದೆ. ನೀವು ಕೇಳುತ್ತಿರುವ ಸಡಿಲ ಬರುವುದು ಅಲ್ಲಿಂದ. ದಾರ ಸಡಿಲ ಮಾಡಿದರೆ ಅರ್ಧ ದಾರಿಯಲ್ಲಿ ಹೂವು ಕೆಳಗೆ! ಗಂಟಂತೂ ಬಿಗಿಯಾಗಿಯೇ ಇರಬೇಕು.

ಕರಾವಳಿ ಆಂಟಿ

ಮಗಾ, ಅಜ್ಜಿ ಹೇಳಿದ್ದು ಸರಿ ಉಂಟು. ಮಲ್ಲಿಗೆ ಇಲ್ಲದ ಮದುವೆ ಎಂಥ ಮದುವೆ ಮಾರಾಯ್ತಿ?

ಆದರೆ ನಮ್ಮ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಗೆ ಕಡ್ಡಿ ಎಲ್ಲಿಂದ ಬರಬೇಕು? ಅದು ಬಾಳೆ ನಾರಿನಲ್ಲಿ ಕಟ್ಟಿಯೇ ಬರುವುದು. ಚೆಂಡಿನ ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೊಕೆಯ ಒಳಗೆ ತುರುಕಲು ಹೋಗಬೇಡ. ಹಿಡಿಯ ಮೇಲೆ, ಗಂಟು ಇರುವಲ್ಲಿ, ನಾಲ್ಕೈದು ಸುತ್ತು ಸುತ್ತಿ ಒಂದು ತುದಿ ಗೇಣುದ್ದ ಕೆಳಗೆ ಬಿಡು. ನೀನು ಹೇಳಿದ ಬಳ್ಳಿ ಅದೇ ಆಯಿತಲ್ಲ! ರಿಬ್ಬನ್ ದುಡ್ಡೂ ಉಳಿಯಿತು.

ಬೆಳಿಗ್ಗೆ ಮೊಗ್ಗು ಕೊಯ್ದದ್ದು ಸಂಜೆಗೆ ಬಿರಿಯುತ್ತದೆ. 4 ಗಂಟೆಯ ಪೂಜೆಗೆ ಅರೆಬಿರಿ, ರಿಸೆಪ್ಷನ್‌ಗೆ ಪೂರ್ತಿ. ಆದರೆ ಕೈ ತಾಗಿದ ಕಡೆ ಕಂದು ಬರುತ್ತದೆ. ಹಿಡಿಯುವ ಜಾಗ ಬಿಟ್ಟು ಮೇಲೆ ಸುತ್ತಬೇಕು.

ಧಾರವಾಡದ ಸೊಸೆ

ನನ್ನ ಮದುವೆ ಆಗಿ ಆರು ವರ್ಷ ಆತು. ನಾನು ಮಾಡಿದ ತಪ್ಪು ಹೇಳತೀನಿ, ನೀವು ಮಾಡಬ್ಯಾಡ್ರಿ.

ಒಂದು, ಲಿಲ್ಲಿ ಹಾಕಿಸಿದ್ದೆ. ಅದರ ನಡುವಿನ ಕೇಸರದ ಪುಡಿ ಸೀರೆ ಮೇಲೆ ಬಿತ್ತು. ಅತ್ತೆ ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸಿದ ಮೇಲೆ ಅದು ಅರಿಶಿನದ ಕಲೆಯ ಹಾಗೆ ಕೂತುಬಿಟ್ಟಿತು. ಎಲ್ಲ ಫೋಟೋದಲ್ಲೂ ಅದು ಇದೆ. ಲಿಲ್ಲಿ ಬೇಕೇ ಬೇಕು ಅಂದರೆ ಮೊಗ್ಗು ಬಿರಿದ ಕೂಡಲೇ ಕೇಸರ ಕಿತ್ತುಹಾಕಲು ಹೇಳ್ರಿ. ಪುಡಿ ಬಿದ್ದರೆ ನೀರು ಮುಟ್ಟಿಸಬ್ಯಾಡ್ರಿ, ಕೊಡವಿ, ಇಲ್ಲಾಂದ್ರೆ ಟೇಪ್ ಅಂಟಿಸಿ ಎತ್ತರಿ.

ಎರಡು, ಅಂಗಡಿಯವರು ಪ್ಲಾಸ್ಟಿಕ್ ಹಿಡಿಯೊಳಗೆ ಹಸಿರು ಫೋಮ್ ಇಟ್ಟು ಅದಕ್ಕೆ ಹೂವು ಚುಚ್ಚಿದ್ದರು. ನೀರು ಕುಡಿದ ಫೋಮ್ ಏನು ಭಾರ ಅಂತೀರಿ! ಅದರ ಮೇಲೆ ತೊಟತೊಟ ಅಂತ ಮೊಣಕೈ ತನಕ ನೀರು. ಪ್ರಮಾಣ ಮಾಡುವಾಗ ನನ್ನ ಗಮನ ಪೂರ್ತಿ ಆ ನೀರಿನ ಕಡೆಗೇ ಇತ್ತು.

ಕಡ್ಡಿಹೂವು

ಫೋಮ್ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಅದು ಪ್ಲಾಸ್ಟಿಕ್ಕೇ. ಪುಡಿಯಾದರೂ ಮಣ್ಣಾಗುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಅದನ್ನು ನಿಷೇಧಿಸಿದೆ. ಸ್ಟೇಜ್ ಕೆಲಸಕ್ಕೆ ನಾನೂ ಇನ್ನೂ ಬಳಸುತ್ತೇನೆ, ಸುಳ್ಳು ಹೇಳುವುದಿಲ್ಲ. ಕೈಬೊಕೆಗೆ ಮಾತ್ರ ಅದರ ಅಗತ್ಯವೇ ಇಲ್ಲ. ರಾತ್ರಿಯೆಲ್ಲ ಚೆನ್ನಾಗಿ ನೀರು ಕುಡಿದ ಹೂವು ಆರೇಳು ಗಂಟೆ ಆರಾಮಾಗಿ ಇರುತ್ತದೆ.

ಲೆಸ್ಟರ್ ಕನ್ನಡತಿ

ನಾನು ಇಲ್ಲಿ ಲೆಸ್ಟರ್‌ನಲ್ಲಿ ಇರುವವಳು. ಇಲ್ಲಿ ಈಗ ಸಡಿಲ ಬೊಕೆಯೇ ಎಲ್ಲ ಕಡೆ. ಆದರೆ ಮೊದಲು ಹೀಗಿರಲಿಲ್ಲ. 1981ರಲ್ಲಿ ರಾಜಕುಮಾರಿ ಡಯಾನಾ ತಮ್ಮ ಮದುವೆಯಲ್ಲಿ ಹಿಡಿದಿದ್ದ ಬೊಕೆ ನೆನಪಿದೆಯಾ? ಜಲಪಾತದ ಹಾಗೆ ಮೂರು ಅಡಿಗೂ ಉದ್ದ ಇಳಿಬಿದ್ದಿತ್ತು. 2018ರಲ್ಲಿ ಸೊಸೆ ಮೇಗನ್ ಹಿಡಿದದ್ದು ಕೈಯಗಲದ ಪುಟ್ಟ ಕಟ್ಟು. ಅದರಲ್ಲಿ ಕೆಲವು ಹೂವನ್ನು ವರ ಹ್ಯಾರಿಯೇ ಹಿಂದಿನ ದಿನ ಕೆನ್ಸಿಂಗ್ಟನ್ ಅರಮನೆಯ ತಮ್ಮ ತೋಟದಲ್ಲಿ ಕೊಯ್ದಿದ್ದರು. ಸುಮ್ನೆ ಓದೋನು ಅವರೇ, ನಿಮ್ಮ ಐಡಿಯಾ ರಾಜಮನೆತನದ್ದೇ! ಅಂದ ಹಾಗೆ ಆ ಬೊಕೆಯಲ್ಲಿ ಮಲ್ಲಿಗೆ ಜಾತಿಯ ಹೂವೂ ಇತ್ತು. ಅಜ್ಜಿಗೆ ಹೇಳಿ.

ಆದರೆ ಒಂದು ಎಚ್ಚರಿಕೆ. ನೀವು ನೋಡುವ ಫೋಟೋಗಳಲ್ಲಿ ಮುಕ್ಕಾಲು ಭಾಗ ಇಲ್ಲಿನ ಮೇ-ಜೂನ್ ತಿಂಗಳವು. ಸ್ವೀಟ್ ಪೀ, ಪಿಯೋನಿ, ಆಸ್ಟಿಲ್ಬಿ. ಎಲ್ಲ ಚಳಿ ಬೇಡುವ ಗಿಡಗಳು. ಅವುಗಳನ್ನು ಏಪ್ರಿಲ್ ಮಂಗಳೂರಲ್ಲಿ ಹುಡುಕಿ ಸುಸ್ತಾಗಬೇಡಿ. ಫೋಟೋದಲ್ಲಿ ಹೂವಿನ ಹೆಸರು ನೋಡಬೇಡಿ, ಆಕಾರ ನೋಡಿ.

ಇನ್ನೊಂದು ಸಂಗತಿ, ಸುಮ್ನೆ. 1923ರಲ್ಲಿ ಎಲಿಜಬೆತ್ ರಾಣಿಯ ತಾಯಿ ತಮ್ಮ ಮದುವೆಗೆ ಹೋಗುವಾಗ ಬೊಕೆಯನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಅಜ್ಞಾತ ಯೋಧನ ಸಮಾಧಿಯ ಮೇಲೆ ಇಟ್ಟುಬಿಟ್ಟರು. ಅವರ ಅಣ್ಣ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡಿದ್ದರು. ಆಮೇಲಿನ ರಾಜಮನೆತನದ ವಧುಗಳು ಮದುವೆ ಮುಗಿದ ಮೇಲೆ ಬೊಕೆಯನ್ನು ಅಲ್ಲಿಗೆ ಕಳಿಸುವ ರೂಢಿ ಬಂತು. ಬೊಕೆ ಎಸೆಯಲೇಬೇಕು ಅಂತ ಏನಿಲ್ಲ.

ಬಿಳಿಸೀರೆ

ಅಯ್ಯೋ, ಇಷ್ಟೆಲ್ಲ ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಆಂಟಿ, ಮಲ್ಲಿಗೆ ಸುತ್ತುವ ಐಡಿಯಾ ಅಜ್ಜಿಗೆ ಹೇಳಿದೆ. "ಯಾರೋ ಬುದ್ಧಿ ಇರುವವರು ಹೇಳಿದ್ದಾರೆ" ಅಂದರು.

ಕಡ್ಡಿಹೂವು ಅಣ್ಣ, ಹಾಗಾದರೆ ಯಾವ ಹೂವು? ಬಿಳಿ ಮತ್ತು ತಿಳಿ ಗುಲಾಬಿ ಬಣ್ಣ ಅಂದುಕೊಂಡಿದ್ದೇನೆ. ನನ್ನ ಚಿಕ್ಕಪ್ಪ ಮಲೆನಾಡಿನಿಂದ ಸೀತಾಳೆ ದಂಡೆ ತರಿಸಿಕೊಡುತ್ತೇನೆ ಅಂತಿದ್ದಾರೆ, ಜೋತು ಬೀಳುವುದಕ್ಕೆ ಚೆನ್ನಾಗಿರುತ್ತದೆ ಅಂತ.

ಕಡ್ಡಿಹೂವು

ಸೀತಾಳೆ ದಂಡೆ ದಯವಿಟ್ಟು ಬೇಡ. ಚೆಂದ ಹೌದು. ಆದರೆ ಅದು ಮರದ ಮೇಲೆ ನಿಧಾನವಾಗಿ ಬೆಳೆಯುವ ಕಾಡಿನ ಆರ್ಕಿಡ್. ಒಂದು ಸಂಜೆಯ ಫೋಟೋಗೆ ಅದನ್ನು ಕೀಳಿಸಬೇಡಿ. ಚಿಕ್ಕಪ್ಪನಿಗೆ ಬೇರೆ ಕೆಲಸ ಕೊಡಿ, ಕೆಳಗೆ ಹೇಳುತ್ತೇನೆ.

ನಾನಾದರೆ ಹೀಗೆ ಮಾಡುತ್ತೇನೆ. ಮುಖ್ಯ ಹೂವಿಗೆ ಲಿಸಿಯಾಂಥಸ್. ಗುಲಾಬಿಯ ಹಾಗೇ ಕಾಣುತ್ತದೆ, ಒಂದೇ ಕಡ್ಡಿಯಲ್ಲಿ ಹೂವೂ ಇರುತ್ತದೆ ಮೊಗ್ಗೂ ಇರುತ್ತದೆ. ಸಡಿಲ ಬೊಕೆಗೆ ಅದರಂಥದ್ದು ಇನ್ನೊಂದಿಲ್ಲ. ಜೊತೆಗೆ ಐದಾರು ಬಿಳಿ ಗುಲಾಬಿ, ಆದರೆ ಅರ್ಧ ಬಿರಿದದ್ದು. ಅಂಗಡಿಯ ಗುಲಾಬಿ ಮೊಗ್ಗಾಗಿ ಬರುತ್ತದೆ. ಮೊಗ್ಗಿನಲ್ಲಿ ಕಟ್ಟಿದರೆ ಈಟಿ ಹಿಡಿದ ಹಾಗೆ. ಎರಡು ದಿನ ಮೊದಲೇ ತಂದು ನೀರಲ್ಲಿಟ್ಟರೆ ಬಿರಿಯುತ್ತದೆ.

ಆಮೇಲೆ ಚೈನಾ ಆಸ್ಟರ್. ಯಾರೂ ಇದಕ್ಕೆ ಮರ್ಯಾದೆ ಕೊಡುವುದಿಲ್ಲ, ಹಾರದ ಹೂವು ಅಂತ. ಹೆಸರಘಟ್ಟದ್ದೇ ತಳಿಗಳಿವೆ, ಪೂರ್ಣಿಮಾ ಬಿಳಿ, ಕಾಮಿನಿ ಗುಲಾಬಿ ಬಣ್ಣ. ಅದನ್ನು ಕಡ್ಡಿ ಸಮೇತ ತರಿಸಿದರೆ ಹಿತ್ತಲಿನ ಹೂವು ಅಂದರೆ ಅದೇ. ಅಗ್ಗ, ಗಟ್ಟಿ. ಒಂದೇ ತೊಂದರೆ: ಮಾರ್ಕೆಟ್‌ಗೆ ಹೆಚ್ಚಾಗಿ ಬಿಡಿ ಹೂವಾಗಿಯೇ ಬರುತ್ತದೆ. ವಾರ ಮೊದಲೇ ಹೇಳಿಡಬೇಕು.

ಸುಗಂಧರಾಜ ಎರಡೋ ಮೂರೋ ಕಡ್ಡಿ, ಎತ್ತರಕ್ಕೆ. ಜಾಸ್ತಿ ಬೇಡ. ಮಲ್ಲಿಗೆಯ ಪರಿಮಳ, ಇದರ ಪರಿಮಳ, ಚರ್ಚಿನ ಧೂಪ, ಎಲ್ಲ ಸೇರಿ ತಲೆನೋವು ಬಂದೀತು. ಜಿಪ್ಸಿ ಹೂವು ಹಾಕಬೇಡಿ ಅಂತ ನನ್ನ ಸಲಹೆ. ರಾಶಿ ಹಾಕಿದರೆ ಅದರ ವಾಸನೆ ಅಷ್ಟೇನೂ ಚೆನ್ನಾಗಿರುವುದಿಲ್ಲ. ಮೇಲಾಗಿ ಬೊಕೆಯ ಮೇಲೆ ಹತ್ತಿ ಅಂಟಿಸಿದ ಹಾಗೆ ಕಾಣುತ್ತದೆ.

ಈಗ ಎಲೆ. ಜನ ಹೂವಿಗೆ ತಲೆ ಕೆಡಿಸಿಕೊಳ್ಳುತ್ತಾರೆ, ಬೊಕೆ ಗೆಲ್ಲುವುದು ಎಲೆಯಲ್ಲಿ. ಕಾಲು ಭಾಗ ಅಲ್ಲ, ಅರ್ಧದ ಹತ್ತಿರ ಎಲೆ ಹಾಕಿ. ಕಾಮಿನಿ ಎಲೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ (ಮೇಲೆ ಹೇಳಿದ ಕಾಮಿನಿ ಬೇರೆ, ಗೊಂದಲ ಬೇಡ). ಊಟಿ ಕಡೆಯ ನೀಲಗಿರಿ ಸೊಪ್ಪು ಸಿಕ್ಕರೆ ಅದರ ಬೂದು ಬಣ್ಣ ಬಿಳಿ ಸೀರೆಗೆ ಒಪ್ಪುತ್ತದೆ. ಚಿಕ್ಕಪ್ಪನಿಗೆ ಹೇಳಿ ತೋಟದಿಂದ ಮರುಗ, ತುಳಸಿ ಕದಿರು, ಒಂದೆರಡು ಬಲಿತ ಜರೀಗಿಡದ ಎಲೆ ತರಿಸಿ. ಎಳೆಯದು ಬೇಡ, ಅರ್ಧ ಗಂಟೆಯಲ್ಲಿ ತಲೆ ಬಗ್ಗಿಸುತ್ತದೆ.

ಲೆನ್ಸ್ ಮಾಮ

ಫೋಟೋಗ್ರಾಫರ್ ಕಡೆಯಿಂದ ಎರಡೇ ಮಾತು. ಗಾಬರಿಯಲ್ಲಿ ವಧುಗಳು ಬೊಕೆಯನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಸೀರೆಯ ಅಂಚು, ಒಡವೆ, ಎಲ್ಲ ಮುಚ್ಚಿ ಮುಖದ ಕೆಳಗೆ ಒಂದು ಪೊದೆ. ಹೊಕ್ಕುಳಿನ ಮಟ್ಟಕ್ಕೆ ಇಳಿಸಿ, ಮೊಣಕೈ ಸಡಿಲ ಬಿಡಿ, ಬೊಕೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ. ನಮಗೆ ಹೂವು ಕಾಣಬೇಕು, ಕಡ್ಡಿಯ ತುದಿ ಅಲ್ಲ.

ಇನ್ನೊಂದು, ಪೂರ್ತಿ ಬಿಳಿ ಬೇಡಮ್ಮ. ಬಿಳಿ ಸೀರೆಯ ಮುಂದೆ ಬಿಳಿ ಹೂವು ಫೋಟೋದಲ್ಲಿ ಕಳೆದುಹೋಗುತ್ತದೆ. ಹಸಿರು ಇದ್ದರೆ ಬಚಾವ್.

ಸುಮ್ನೆ ಓದೋನು

ಈಗ ನಿಜವಾಗಿ ಕೇಳುತ್ತಿದ್ದೇನೆ, ತಮಾಷೆ ಅಲ್ಲ. ನನ್ನ ತಂಗಿಗೆ ಒಂದು ಅಂಗಡಿಯವರು ಬಿಗಿ ಗುಲಾಬಿ ಬೊಕೆಗೆ 2,500, ಸಡಿಲದ್ದಕ್ಕೆ 4,500 ಹೇಳಿದ್ದಾರೆ. ಹೂವು ಕಡಿಮೆ, ಸೊಪ್ಪು ಜಾಸ್ತಿ, ದುಡ್ಡು ಮಾತ್ರ ಡಬಲ್. ಇದು ಯಾವ ನ್ಯಾಯ?

ಕಡ್ಡಿಹೂವು

ನ್ಯಾಯವಾದ ಪ್ರಶ್ನೆಯೇ. ಬಿಗಿ ಬೊಕೆಗೆ ಎರಡು ಕಟ್ಟು ಗುಲಾಬಿ ಸಾಕು, ಇಪ್ಪತ್ತು ನಿಮಿಷದ ಕೆಲಸ. ಒಂದು ಹೂವು ಸೊಟ್ಟಗಿದ್ದರೆ ಪಕ್ಕದ್ದು ಮುಚ್ಚುತ್ತದೆ. ಸಡಿಲದ್ದರಲ್ಲಿ ಪ್ರತಿ ಹೂವೂ ಒಂಟಿಯಾಗಿ ನಿಂತಿರುತ್ತದೆ, ಒಂದು ಎಸಳು ಕಂದಿದ್ದರೂ ಕಾಣುತ್ತದೆ. ಏಳೆಂಟು ಜಾತಿ ಬೇಕು. ಪ್ರತಿಯೊಂದನ್ನೂ ಕಟ್ಟಿನಲ್ಲೇ ಕೊಳ್ಳಬೇಕು, ಮೂರು ಕಡ್ಡಿ ಕೊಡಿ ಅಂದರೆ ಮಾರ್ಕೆಟ್‌ನಲ್ಲಿ ಕೊಡುವುದಿಲ್ಲ. ಉಳಿದದ್ದು ಅದೇ ದಿನ ಮಾರಿಹೋಗದಿದ್ದರೆ ನಮ್ಮ ತಲೆಗೆ. ಡಬಲ್ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು, ಒಪ್ಪುತ್ತೇನೆ. ಚೌಕಾಸಿ ಮಾಡಿ. ಟೇಬಲ್ ಹೂವು, ಕಾರಿನ ಹೂವು ಅವರಿಗೇ ಕೊಡುತ್ತೇವೆ ಅಂದರೆ ಇಳಿಸುತ್ತಾರೆ.

ಬಿಳಿಸೀರೆ

ಒಂದು ನಿರ್ಧಾರಕ್ಕೆ ಬಂದಿದ್ದೇನೆ. ಹೂವು ಬೆಂಗಳೂರಿನಿಂದ ಗುರುವಾರ ರಾತ್ರಿ ಬಸ್ಸಿನಲ್ಲಿ ಬರುತ್ತದೆ. ಮಂಗಳೂರಿನ ಒಬ್ಬರು ಶನಿವಾರ ಬೆಳಿಗ್ಗೆ ಮನೆಗೇ ಬಂದು ಕಟ್ಟಿಕೊಡಲು ಒಪ್ಪಿದ್ದಾರೆ. "ಕಡ್ಡಿ ಕಾಣಬೇಕು, ಒಂದೇ ಮಟ್ಟ ಇರಬಾರದು" ಅಂದ ಕೂಡಲೇ "ಹಾಗೆ ಹೇಳಿ ಮತ್ತೆ!" ಅಂದರು. ಸಮಸ್ಯೆ ಏನೆಂದರೆ ಶುಕ್ರವಾರ ಸಂಜೆ ರೋಸ್ (ಹೂವಲ್ಲ, ಮದುವೆಯ ಮುಂಚೆ ತೆಂಗಿನ ಹಾಲು, ಎಣ್ಣೆ ಹಚ್ಚುವ ನಮ್ಮ ಶಾಸ್ತ್ರ). ಮನೆ ತುಂಬ ನೆಂಟರು, ತೆಂಗಿನ ಹಾಲು, ಎಣ್ಣೆ, ಹಾಡು, ಗಲಾಟೆ. ಒಂದು ಬಕೆಟ್ ಕೂಡ ಖಾಲಿ ಇರುವುದಿಲ್ಲ. ಹೂವನ್ನು ಎಲ್ಲಿಡಲಿ? ಫ್ರಿಜ್ಜಿನಲ್ಲಿ?

ಕಡ್ಡಿಹೂವು

ಫ್ರಿಜ್ ಬೇಡವೇ ಬೇಡ! ಏಪ್ರಿಲ್‌ನಲ್ಲಿ ನಿಮ್ಮ ಫ್ರಿಜ್ಜಿನಲ್ಲಿ ಮಾವಿನಹಣ್ಣು ಇದ್ದೇ ಇರುತ್ತದೆ. ಹಣ್ಣಾಗುವಾಗ ಅದರಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ. ಕಾಯಿ ಹಣ್ಣು ಮಾಡುವ ಆ ಅನಿಲವೇ ಹೂವನ್ನು ಬೇಗ ಮುದಿ ಮಾಡುತ್ತದೆ. ಬಾಳೆಗೊನೆ ತೂಗುಹಾಕಿದ ಕೋಣೆಯೂ ಬೇಡ.

ಪಕ್ಕದ ಮನೆಯ ತಂಪಾದ ಕೋಣೆ ಕೇಳಿ. ಬಸ್ಸಿನಿಂದ ಇಳಿಸಿದ ಕೂಡಲೇ ಪ್ರತಿ ಕಡ್ಡಿಯ ತುದಿಯನ್ನು ಎರಡು ಬೆರಳಷ್ಟು ಓರೆಯಾಗಿ ಕತ್ತರಿಸಿ. ನೀರಿನೊಳಗೆ ಮುಳುಗುವ ಎಲೆಯೆಲ್ಲ ತೆಗೆಯಿರಿ, ಇಲ್ಲದಿದ್ದರೆ ಕೊಳೆತು ನೀರು ಕೆಡುತ್ತದೆ. ಅರ್ಧ ಬಕೆಟ್ ಶುದ್ಧ ನೀರಲ್ಲಿ ನಿಲ್ಲಿಸಿ, ಫ್ಯಾನ್ ಹಾಕಬೇಡಿ, ಗಾಳಿಗೆ ಒಣಗುತ್ತದೆ. ಶನಿವಾರ ಬೊಕೆ ಕಟ್ಟಿದ ಮೇಲೂ ಹೊರಡುವ ತನಕ ಚೊಂಬು ನೀರಿನಲ್ಲಿ ಇರಲಿ. ಕೈಗೆ ಕೊಡುವ ಮೊದಲು ಟವೆಲ್‌ನಿಂದ ಕಡ್ಡಿ ಒರೆಸಬೇಕು. ಈ ಕೆಲಸಕ್ಕೆ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. "ಯಾರಾದರೂ ಮಾಡುತ್ತಾರೆ" ಅಂದರೆ ಯಾರೂ ಮಾಡುವುದಿಲ್ಲ.

ಕರಾವಳಿ ಆಂಟಿ

ಟವೆಲ್ ಹಳೆಯದು ಕೊಡು ಮಗಾ. ಹೊಸ ಟವೆಲ್ ಬಣ್ಣ ಬಿಡುತ್ತದೆ.

ಬಿಳಿಸೀರೆ

(ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.)

ಮದುವೆ ಆಯಿತು! ಬೊಕೆ ಬಗ್ಗೆ ವರದಿ ಒಪ್ಪಿಸುತ್ತೇನೆ.

ಲಿಸಿಯಾಂಥಸ್ ರಾತ್ರಿ 10ಕ್ಕೂ ಹಾಗೇ ಇತ್ತು. ಆಸ್ಟರ್ ಸಿಗುವುದೇ ಕಷ್ಟವಾಯಿತು, ಕೊನೆಗೆ ಒಂದು ಕಟ್ಟು ಬಂತು. ಎಲ್ಲರೂ ಕೇಳಿದ್ದು ಅದನ್ನೇ, "ಇದು ಯಾವ ಫಾರಿನ್ ಹೂವು?" ಅಂತ. ಗುಲಾಬಿಗಳಲ್ಲಿ ಎರಡು ಬಸ್ಸಿನಲ್ಲೇ ಕುತ್ತಿಗೆ ಮುರಿದುಕೊಂಡಿದ್ದವು. ಜರೀಗಿಡದ ಎಲೆ ನೀವು ಹೇಳಿದ ಹಾಗೆ ಬಲಿತದ್ದೇ ತಂದರೂ ಚರ್ಚ್ ಮೆಟ್ಟಿಲು ಹತ್ತುವಷ್ಟರಲ್ಲಿ ಬಾಡಿತು. ಕಟ್ಟಿದವರು ಹಿಂದಕ್ಕೆ ತಿರುಗಿಸಿ ಅಡಗಿಸಿದರು.

ಮರುಗ ಹಾಕಿದ್ದು ಒಳ್ಳೆಯದಾಯಿತು. ಅಲ್ತಾರ್ ಹತ್ತಿರ ಕೈ ನಡುಗಿದಾಗಲೆಲ್ಲ ಅದರ ವಾಸನೆ ಬರುತ್ತಿತ್ತು, ಹಿತ್ತಲಲ್ಲಿ ನಿಂತ ಹಾಗೆ. ಮಲ್ಲಿಗೆಯನ್ನು ಅಜ್ಜಿಯೇ ಸುತ್ತಿದರು. ಆದರೆ ನನಗೆ ಹೇಳದೆ ಎರಡು ಚೆಂಡು ಪೂರ್ತಿ ಸುತ್ತಿಬಿಟ್ಟರು. ಹಿಡಿ ದಪ್ಪವಾಗಿ ಎರಡೂ ಕೈ ಬೇಕಾಯಿತು. ಉಂಗುರ ತೊಡಿಸುವಾಗ ಬೊಕೆ ಹಿಡಿದ ತಂಗಿಗೆ ಭುಜ ನೋವು ಬಂತಂತೆ.

ಅಮ್ಮ ಈಗ ಎಲ್ಲರಿಗೂ "ನಾವೇ ಹೇಳಿ ಮಾಡಿಸಿದ್ದು" ಅನ್ನುತ್ತಿದ್ದಾರೆ. ಹುಲ್ಲಿನ ಮಾತು ಎತ್ತುವ ಹಾಗಿಲ್ಲ.

ಬೊಕೆ ಎಸೆಯಲಿಲ್ಲ. ಭಾನುವಾರ ಬೆಳಿಗ್ಗೆ ಅಜ್ಜಿಯ ಜೊತೆ ಸಿಮಿತೆರಿಗೆ ಹೋಗಿ ಅಜ್ಜನ ಸಮಾಧಿಯ ಮೇಲೆ ಇಟ್ಟು ಬಂದೆ. ಲೆಸ್ಟರ್ ಅಕ್ಕ ಹೇಳಿದ್ದು ತಲೆಯಲ್ಲಿತ್ತು. ಅಜ್ಜಿ ಮಲ್ಲಿಗೆ ದಂಡೆ ಮಾತ್ರ ಬಿಚ್ಚಿಕೊಂಡರು. ಕಂದಿತ್ತು, ಆದರೂ ಮನೆಗೆ ತಂದರು.

ಧಾರವಾಡದ ಸೊಸೆ

ಓದಿ ಖುಷಿ ಆತು ನೋಡ್ರಿ. ಸೀರೆಗೆ ಕಲೆ ಬೀಳಲಿಲ್ಲ ಹೌದಿಲ್ಲೋ?

ಬಿಳಿಸೀರೆ

ಹೂವಿನದು ಬೀಳಲಿಲ್ಲ ಅಕ್ಕ. ಪಾಯಸದ್ದು ಬಿತ್ತು.

ಸುಮ್ನೆ ಓದೋನು

ನನ್ನ ತಂಗಿ ಮದುವೆ ಆಗಸ್ಟ್ ಕೊನೆಗೆ, ಹಾಸನದಲ್ಲಿ. 3,800ಕ್ಕೆ ಇಳಿಸಿದ್ದಾರೆ. ಕಡ್ಡಿಹೂವು ಅಣ್ಣ, ಮಳೆಗಾಲದಲ್ಲಿ ಇದೇ ಹೂವು ಆಗುತ್ತಾ?

ಕಡ್ಡಿಹೂವು

ಆಸ್ಟರ್ ಆರಾಮಾಗಿ ಆಗುತ್ತದೆ. ಗುಲಾಬಿ ತೆಗೆದುಕೊಳ್ಳುವಾಗ ಎಸಳಿನ ಮೇಲೆ ಬೂದು ಚುಕ್ಕೆ ಇದೆಯಾ ನೋಡಿ, ಮಳೆಯಲ್ಲಿ ಬೂಷ್ಟು ಬರುತ್ತದೆ. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಬರೆಯುತ್ತೇನೆ. ಇದು ಈಗಾಗಲೇ ಅಟ್ಟೆಯಷ್ಟು ಉದ್ದ ಆಯಿತು.